ಕಾರು ಶೋರೂಂಗೆ ಹೋಗುವ ಮಹಿಳೆಯರು ಗಮನಿಸಿ: ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಕೊಟೇಷನ್‌ನಲ್ಲಿ ಎಷ್ಟು ಹೆಚ್ಚುವರಿ?

ತಿ. ನರಸೀಪುರದ ಓದುಗರೊಬ್ಬರು ಈಚೆಗೆ ನಮಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಫೋಟೊ ಕಳುಹಿಸಿದರು. ಮೊದಲನೆಯದು ಅವರ ಸ್ವಸಹಾಯ ಸಂಘದ ಗುಂಪಿನಲ್ಲಿ ಓಡಾಡುತ್ತಿರುವ ಸಂದೇಶ. ‘ಹೆಂಗಸರ ಹೆಸರಿನಲ್ಲಿ ಕಾರು ತೆಗೆದುಕೊಂಡರೆ ರಸ್ತೆ ತೆರಿಗೆ ಅರ್ಧ, ಬ್ಯಾಂಕ್ ಬಡ್ಡಿ ಕಡಿಮೆ, ಶೋರೂಂನವರು ಇದನ್ನು ಹೇಳುವುದಿಲ್ಲ, ಎಲ್ಲ ಗುಂಪಿಗೂ ಕಳಿಸಿ’ ಎಂದು ಅದರಲ್ಲಿತ್ತು. ಎರಡನೆಯದು ಮೈಸೂರಿನ ಒಂದು ಶೋರೂಂನಲ್ಲಿ ಅವರಿಗೆ ಬರೆದುಕೊಟ್ಟ ಕೊಟೇಷನ್. ಅವರು ಶಿಕ್ಷಕಿ. ನಂಜನಗೂಡು ಕಡೆಯ ಶಾಲೆಗೆ ದಿನಾ ಎರಡು ಬಸ್ ಬದಲಿಸಿ ಹೋಗುತ್ತಾರೆ. ವರ್ಷಗಟ್ಟಲೆ ಕಟ್ಟಿದ ಚೀಟಿಯ ಹಣ ಕೈಗೆ ಬಂದಿದೆ, ಉಳಿದದ್ದಕ್ಕೆ ಸಾಲ. ಅವರ ಪ್ರಶ್ನೆ ಇಷ್ಟೇ: ‘ತೆರಿಗೆ ಅರ್ಧ ಅಂತಾರೆ, ಇಲ್ಲಿ ಪೂರ್ತಿ ಹಾಕಿದ್ದಾರೆ. ಇದು ಮೋಸ ಅಲ್ಲವಾ?’

ತೆರಿಗೆ ಪೂರ್ತಿ ಹಾಕಿದ್ದು ಸರಿಯೇ. ಆದರೆ ಅವರು ಅನುಮಾನಿಸದೆ ಬಿಟ್ಟ ಸಾಲುಗಳನ್ನು ಕೂಡಿಸಿ ನೋಡಿದಾಗ ಸುಮಾರು 45 ಸಾವಿರ ರೂಪಾಯಿ ಕೊಡಬೇಕಾದ ಅಗತ್ಯವೇ ಇರಲಿಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಶೋರೂಂನ ಗುರುತು ಬಿಟ್ಟು, ಆ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ.

ಫಾರ್ವರ್ಡ್ ಸಂದೇಶದ ನಿಜಾಂಶ

ಕರ್ನಾಟಕದಲ್ಲಿ ಖಾಸಗಿ ಕಾರಿನ ಜೀವಾವಧಿ ತೆರಿಗೆ ನಿಗದಿಯಾಗುವುದು ಕಾರಿನ ಬೆಲೆಯ ಮೇಲೆ. 5 ಲಕ್ಷ ರೂಪಾಯಿವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಅದಕ್ಕಿಂತ ಮೇಲೆ ಶೇ. 18. ಈ ತೆರಿಗೆಯ ಮೊತ್ತದ ಮೇಲೆ ಮತ್ತೆ ಶೇ. 11 ಸೆಸ್ ಸೇರುತ್ತದೆ. ಕೊಳ್ಳುವವರು ಹೆಣ್ಣೋ ಗಂಡೋ ಎಂದು ಕೇಳುವ ಕಾಲಂ ಈ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ‘ತೆರಿಗೆ ಅರ್ಧ’ ಎಂಬುದು ಸುಳ್ಳು. ದೆಹಲಿ, ಮಹಾರಾಷ್ಟ್ರದಂಥ ಕಡೆ ಮನೆ, ನಿವೇಶನಗಳನ್ನು ಮಹಿಳೆಯರ ಹೆಸರಿಗೆ ನೋಂದಾಯಿಸಿದರೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ಆ ಸುದ್ದಿಗೆ ಯಾರೋ ನಾಲ್ಕು ಚಕ್ರ ಕಟ್ಟಿ ಓಡಿಸಿರಬಹುದು ಎಂಬುದು ನಮ್ಮ ಊಹೆ.

ಕಾರಿನ ಬೆಲೆ ನಿಜವಾಗಿ ಇಳಿದದ್ದು ಬೇರೆ ಕಾರಣಕ್ಕೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು, ಮೇಲಿನ ಪರಿಹಾರ ಸೆಸ್ ಕೂಡ ಹೋಯಿತು. ನಾಲ್ಕು ಮೀಟರ್ ಉದ್ದದೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರು ಮತ್ತು 1,500 ಸಿಸಿ ಮೀರದ ಡೀಸೆಲ್ ಕಾರು ಈ ಗುಂಪಿಗೆ ಬರುತ್ತವೆ. ಇದು ಎಲ್ಲರಿಗೂ ಒಂದೇ. ‘ಮಹಿಳಾ ಗ್ರಾಹಕರಿಗಾಗಿ ವಿಶೇಷ ಜಿಎಸ್‌ಟಿ ಕಡಿತ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬಡ್ಡಿಯ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಕೆಲವು ಬ್ಯಾಂಕುಗಳು ಮಹಿಳೆಯರಿಗೆ ಶೇ. 0.05ರಷ್ಟು ಕಡಿಮೆ ದರ ಕೊಡುವುದುಂಟು. ಲೆಕ್ಕ ಹಾಕಿ ನೋಡಿ: 6 ಲಕ್ಷ ರೂಪಾಯಿ ಸಾಲ, 5 ವರ್ಷ, ಬಡ್ಡಿ ಶೇ. 9ರ ಬದಲು ಶೇ. 8.95. ತಿಂಗಳ ಕಂತಿನಲ್ಲಿ ಉಳಿಯುವುದು ಸುಮಾರು 15 ರೂಪಾಯಿ, ಅಂದರೆ ಇಡೀ ಐದು ವರ್ಷಕ್ಕೆ ಒಂದು ಸಾವಿರವೂ ಆಗದು. ಕೊಟ್ಟರೆ ತೆಗೆದುಕೊಳ್ಳಿ, ಆದರೆ ಅದಕ್ಕಾಗಿಯೇ ಬ್ಯಾಂಕ್ ಆರಿಸಬೇಡಿ.

ಅದೇ ಸಂಘದ ಇನ್ನೊಬ್ಬರು ಕೇಳಿದ್ದು: ಕಾರು ತೆಗೆದುಕೊಂಡರೆ ಗೃಹಲಕ್ಷ್ಮಿ ಹಣ ನಿಂತುಹೋಗುತ್ತದೆಯೇ? ಗೃಹಲಕ್ಷ್ಮಿ ಯೋಜನೆಯ ಷರತ್ತು ಇರುವುದು ಆದಾಯ ತೆರಿಗೆ ಮತ್ತು ಜಿಎಸ್‌ಟಿಯ ಮೇಲೆ. ಮನೆಯ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಅನರ್ಹರು. ಎಪಿಎಲ್ ಕಾರ್ಡಿನವರಿಗೂ ಯೋಜನೆ ಇದೆ, ಕಾರು ಇರುವುದು ಅಡ್ಡಿಯಲ್ಲ. ಆದರೆ ಬಿಪಿಎಲ್ ಕಾರ್ಡಿನ ಕಥೆ ಬೇರೆ. ಜೀವನೋಪಾಯಕ್ಕೆ ಓಡಿಸುವ ಟ್ಯಾಕ್ಸಿ, ಟ್ರ್ಯಾಕ್ಟರ್‌ನಂಥವನ್ನು ಬಿಟ್ಟು ಸ್ವಂತಕ್ಕೆ ನಾಲ್ಕು ಚಕ್ರದ ವಾಹನ ಇಟ್ಟುಕೊಂಡ ಕುಟುಂಬ ಬಿಪಿಎಲ್ ಮಾನದಂಡದಿಂದ ಹೊರಗೆ ಬೀಳುತ್ತದೆ. ಅನ್ನಭಾಗ್ಯದ ಅಕ್ಕಿಯನ್ನು ನಂಬಿರುವ ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತರುವ ಮುನ್ನವೂ ಇದನ್ನು ಯೋಚಿಸಬೇಕು. ಯಾರದೋ ಸಾಲಕ್ಕೆ ‘ನಿನ್ನ ಹೆಸರಲ್ಲಿ ಇರಲಿ ಬಿಡು’ ಎಂದು ಸಹಿ ಹಾಕುವ ಮುನ್ನವಂತೂ ಖಂಡಿತ.

ಇನ್ನು ‘ಡಿಎಲ್ ಇಲ್ಲದ ಹೆಂಗಸಿನ ಹೆಸರಿಗೆ ಕಾರು ಆಗುವುದಿಲ್ಲ’ ಎಂಬ ಮಾತು. ಇದನ್ನು ಮನೆಯವರೂ ಹೇಳುತ್ತಾರೆ, ಕೆಲವು ಸೇಲ್ಸ್‌ಮನ್‌ಗಳೂ ಹೇಳುತ್ತಾರೆ. ಕಾರು ಓಡಿಸಲು ಲೈಸೆನ್ಸ್ ಬೇಕು, ಕಾರಿನ ಮಾಲೀಕರಾಗಲು ಬೇಡ. ವಿಳಾಸದ ದಾಖಲೆ, ಪ್ಯಾನ್, ಫೋಟೊ, ಫಾರಂ 20ರ ಅರ್ಜಿಗೆ ಸಹಿ ಇದ್ದರೆ ನೋಂದಣಿ ಆಗುತ್ತದೆ.

ಕೊಟೇಷನ್, ಸಾಲು ಸಾಲಾಗಿ

ಶಿಕ್ಷಕಿಯ ಕೊಟೇಷನ್‌ನಲ್ಲಿ ಶೋರೂಂ ಬೆಲೆ 6,50,000 ರೂಪಾಯಿ. ಅದರ ಕೆಳಗೆ ‘ಆರ್‌ಟಿಒ’ ಎಂಬ ಒಂದೇ ಪದದ ಮುಂದೆ 1,12,000. ಇದನ್ನು ನಾವೇ ಕಾಗದದ ಮೇಲೆ ಬಿಡಿಸಿದೆವು. 6.5 ಲಕ್ಷಕ್ಕೆ ಶೇ. 14 ತೆರಿಗೆ 91,000. ಅದರ ಶೇ. 11 ಸೆಸ್ 10,010. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ರಾಜ್ಯ ಸರ್ಕಾರ 2025ರಿಂದ ಹೊಸ ಕಾರಿಗೆ ಪಡೆಯುತ್ತಿರುವ ಸೆಸ್ 1,000. ನೋಂದಣಿ ಶುಲ್ಕ 600, ಸಾಲವಿದ್ದರೆ ಅಡಮಾನ ನಮೂದಿಗೆ 1,500, ಸ್ಮಾರ್ಟ್ ಕಾರ್ಡ್ ಮತ್ತು ಅಂಚೆಗೆ ಕೆಲವು ನೂರು. ಎಲ್ಲ ಸೇರಿ ಸುಮಾರು 1,04,500. ಉಳಿದ 7,500 ಯಾರದ್ದು? ಕೇಳಿದಾಗ ಶೋರೂಂನವರು ‘ಏಜೆಂಟ್ ಖರ್ಚು’ ಎಂದರಂತೆ. ಹೊಸ ಕಾರಿನ ನೋಂದಣಿ ಅರ್ಜಿ, ತೆರಿಗೆ ಎಲ್ಲವೂ ಈಗ ಡೀಲರ್ ಮೂಲಕವೇ ವಾಹನ್ ಪೋರ್ಟಲ್‌ನಲ್ಲಿ ಆಗುತ್ತದೆ. ತೆರಿಗೆ ರಸೀದಿ ಕಾರಿನ ಮಾಲೀಕರ ಹೆಸರಿಗೇ ಬರುತ್ತದೆ. ‘ರಸೀದಿಯಲ್ಲಿ ಎಷ್ಟಿದೆಯೋ ಅಷ್ಟೇ ಕೊಡುತ್ತೇನೆ’ ಎಂದು ಮೊದಲೇ ಹೇಳಿಬಿಡಿ.

ಮುಂದಿನದು ವಿಮೆ, 42,000. ಶೋರೂಂಗಳಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ಈ ಸಾಲಿನ ಮೇಲೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದ ನಂತರ 2018ರ ಸೆಪ್ಟೆಂಬರ್ 1ರಿಂದ ಇದು ಜಾರಿಯಲ್ಲಿದೆ. ಇದರ ದರವನ್ನು ಕಂಪನಿಗಳು ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಂತೆ 1,000 ಸಿಸಿವರೆಗಿನ ಕಾರಿಗೆ ಮೂರು ವರ್ಷಕ್ಕೆ 6,521 ರೂಪಾಯಿ, 1,000ದಿಂದ 1,500 ಸಿಸಿಗೆ 10,640, ಅದರ ಮೇಲೆ 24,596. ಇವರ ಕಾರು 1,200 ಸಿಸಿ ಆಸುಪಾಸಿನದು, ಆದ್ದರಿಂದ 10,640ಕ್ಕೆ ಶೇ. 18 ಜಿಎಸ್‌ಟಿ ಸೇರಿ 12,555. ಈ ಭಾಗ ಯಾವ ಕಂಪನಿಯಲ್ಲಿ ಮಾಡಿಸಿದರೂ ಅಷ್ಟೇ. ವ್ಯತ್ಯಾಸ ಬರುವುದು ಸ್ವಂತ ಕಾರಿನ ಹಾನಿಯ ಭಾಗದಲ್ಲಿ ಮತ್ತು ಝೀರೊ ಡೆಪ್ರಿಸಿಯೇಷನ್, ಎಂಜಿನ್ ರಕ್ಷಣೆ ಮುಂತಾದ ಆ್ಯಡ್‌ಆನ್‌ಗಳಲ್ಲಿ. ಹಾನಿ ವಿಮೆಯನ್ನು ಒಂದು ವರ್ಷಕ್ಕೆ ಮಾಡಿಸಿದರೆ ಸಾಕು. ಮೂರು ವರ್ಷದ ಪ್ಯಾಕೇಜನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಆಗಸ್ಟ್‌ನಲ್ಲೇ ಹಿಂದಕ್ಕೆ ಪಡೆದಿದೆ.

ಶಿಕ್ಷಕಿಗೆ ಹೇಳಿದ್ದು: ‘ಮೇಡಂ, ಹೊರಗಡೆ ಇನ್ಶೂರೆನ್ಸ್ ಮಾಡಿಸಿದರೆ ಕ್ಯಾಶ್‌ಲೆಸ್ ಆಗಲ್ಲ, ವಾರಂಟಿಯೂ ಹೋಗುತ್ತೆ.’ ಎರಡೂ ತಪ್ಪು. ಕ್ಯಾಶ್‌ಲೆಸ್ ಆಗುವುದು ವಿಮಾ ಕಂಪನಿ ಮತ್ತು ಗ್ಯಾರೇಜ್ ನಡುವೆ ಒಪ್ಪಂದ ಇದ್ದರೆ. ಪಾಲಿಸಿ ಯಾರ ಟೇಬಲ್ಲಿನಿಂದ ಬಂತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಹತ್ತಿರದ ಸರ್ವಿಸ್ ಸೆಂಟರ್ ಆ ಕಂಪನಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡರೆ ಸಾಕು. ವಾರಂಟಿ ಕೊಡುವುದು ಕಾರು ತಯಾರಿಸಿದ ಕಂಪನಿ, ಅದು ವಿಮೆಯನ್ನು ಅವಲಂಬಿಸಿಲ್ಲ. ಡೀಲರ್‌ಗಳು ವಿಮೆ ಮಾರುವುದಕ್ಕೆ ಪ್ರಾಧಿಕಾರ 2017ರಲ್ಲಿ ಮಾರ್ಗಸೂಚಿ ತಂದಿದೆ. ತಮ್ಮಲ್ಲೇ ವಿಮೆ ಮಾಡಿಸಬೇಕು ಎಂದು ಗ್ರಾಹಕರನ್ನು ಬಲವಂತ ಮಾಡುವಂತಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಅದೇ ವಿಮಾ ಮೌಲ್ಯ, ಅದೇ ಆ್ಯಡ್‌ಆನ್ ಇಟ್ಟು ಹೊರಗೆ ವಿಚಾರಿಸಿದಾಗ ಸಿಕ್ಕಿದ ದರ 31,000. ಹೋಲಿಸುವಾಗ ಈ ‘ಅದೇ’ ಎಂಬುದು ಮುಖ್ಯ. ಕಾರಿನ ಮೌಲ್ಯವನ್ನು ಕಡಿಮೆ ತೋರಿಸಿ ಅಗ್ಗದ ಪಾಲಿಸಿ ಕೊಡುವುದು ಹೊರಗಿನವರ ಹಳೆಯ ಚಾಳಿ.

ಇದೇ ಸಾಲಿನಲ್ಲಿ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಸೇರಿರುತ್ತದೆ. ಇದು ಲೈಸೆನ್ಸ್ ಇರುವ ಮಾಲೀಕ-ಚಾಲಕರಿಗೆ. ನಿಮಗೆ ಲೈಸೆನ್ಸ್ ಇಲ್ಲದಿದ್ದರೆ ಅಥವಾ ಬೇರೆ ಕಡೆ ಅಷ್ಟು ಮೊತ್ತದ ಅಪಘಾತ ವಿಮೆ ಈಗಾಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ.

‘ಹ್ಯಾಂಡ್ಲಿಂಗ್ ಮತ್ತು ಲಾಜಿಸ್ಟಿಕ್ಸ್’ 8,500. ಇದು ಸರ್ಕಾರಿ ಶುಲ್ಕವಲ್ಲ, ತೆರಿಗೆಯಲ್ಲ. ಕಾರನ್ನು ಶೋರೂಂವರೆಗೆ ತಂದು ತೊಳೆದು ನಿಲ್ಲಿಸುವುದು ಮಾರುವವರ ಕೆಲಸ, ಅದರ ಖರ್ಚು ಶೋರೂಂ ಬೆಲೆಯಲ್ಲಿ ಸೇರಿರಬೇಕು. ‘ಈ ಸಾಲು ತೆಗೆಯಿರಿ’ ಎಂದರೆ ಹೆಚ್ಚಿನ ಕಡೆ ತೆಗೆಯುತ್ತಾರೆ, ಕೇಳದವರು ಕೊಟ್ಟು ಹೋಗುತ್ತಾರೆ.

‘ಎಸೆನ್ಷಿಯಲ್ ಕಿಟ್’ 18,000. ಮ್ಯಾಟ್, ಸೀಟ್ ಕವರ್, ಮಡ್ ಫ್ಲಾಪ್, ಪರ್ಫ್ಯೂಮ್, ಮತ್ತೊಂದು ಕೋಟಿಂಗ್. ಹೆಸರಿನಲ್ಲಿ ಎಸೆನ್ಷಿಯಲ್ ಇದೆ ಅಷ್ಟೇ. ಇನ್ನೊಂದು ಸಾಲಿನಲ್ಲಿ ಅತಿಸುರಕ್ಷಿತ ನಂಬರ್ ಪ್ಲೇಟ್‌ಗೆ ದುಡ್ಡು ಹಾಕಿದ್ದರೆ ಅದನ್ನೂ ಪ್ರಶ್ನಿಸಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಕ್ಕೆ ಆ ಪ್ಲೇಟನ್ನು ತಯಾರಕರೇ ಕೊಡಬೇಕು. ಎಕ್ಸ್‌ಟೆಂಡೆಡ್ ವಾರಂಟಿ 11,000ವನ್ನು ನಾವು ಬೇಡ ಎನ್ನುವುದಿಲ್ಲ, ಹೆಚ್ಚು ವರ್ಷ ಇಟ್ಟುಕೊಳ್ಳುವವರಿಗೆ ಅದು ಉಪಯೋಗಕ್ಕೆ ಬರಬಹುದು. ಫಾಸ್ಟ್ಯಾಗ್ 600 ಬೇಕೇ ಬೇಕು. ಕೋಯಿಕ್ಕೋಡ್‌ನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡು, ಮೈಸೂರು, ತಿ. ನರಸೀಪುರ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದೆ, ಟೋಲ್ ತಪ್ಪಿದ್ದಲ್ಲ.

ಹೀಗೆ ಒಟ್ಟು 8,42,100 ಎಂದು ಬರೆದಿದ್ದ ಕೊಟೇಷನ್, ವಾರಂಟಿ ಮತ್ತು ಫಾಸ್ಟ್ಯಾಗ್ ಉಳಿಸಿಕೊಂಡೂ 7,97,100ಕ್ಕೆ ಬಂತು.

ಕಾರಿನ ಬೆಲೆ 10 ಲಕ್ಷ ದಾಟಿದರೆ ಇನ್ನೊಂದು ಸಾಲು ಬರುತ್ತದೆ, ಶೇ. 1 ಟಿಸಿಎಸ್. ಇದು ಖರ್ಚಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ಮರಳಿ ಪಡೆಯಬಹುದಾದ ಹಣ. ಆದರೆ ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಖಾತೆಗೆ ಜಮೆಯಾಗುತ್ತದೆ. ಕಾರು ನಿಮ್ಮ ಹೆಸರಲ್ಲಿ, ಪ್ಯಾನ್ ಯಜಮಾನರದ್ದು ಎಂದು ಗಡಿಬಿಡಿಯಲ್ಲಿ ಬರೆಸಬೇಡಿ.

ಹೆಂಗಸರಿಗೆ ಹೆಚ್ಚು ಬೆಲೆ ಹೇಳುತ್ತಾರೆಯೇ?

ಇದು ಬರೀ ಅನಿಸಿಕೆಯಲ್ಲ. ಅಮೆರಿಕದ ಕಾನೂನು ವಿದ್ವಾಂಸ ಇಯಾನ್ ಏರ್ಸ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಸರಾಂತದ್ದು. ಷಿಕಾಗೊ ಸುತ್ತಲಿನ ಶೋರೂಂಗಳಿಗೆ ತರಬೇತಿ ಪಡೆದ ಗ್ರಾಹಕರನ್ನು ಕಳುಹಿಸಿ, ಎಲ್ಲರೂ ಒಂದೇ ರೀತಿಯ ಚೌಕಾಸಿ ಮಾಡುವಂತೆ ಮಾಡಲಾಯಿತು. ಬಿಳಿಯ ಗಂಡಸರಿಗೆ ಹೋಲಿಸಿದರೆ ಬಿಳಿಯ ಹೆಂಗಸರಿಗೆ ಹೇಳಿದ ಬೆಲೆಯಲ್ಲಿ ಡೀಲರ್‌ನ ಲಾಭಾಂಶ ಶೇ. 40ರಷ್ಟು ಹೆಚ್ಚಿತ್ತು. ಕಪ್ಪು ಹೆಂಗಸರಿಗೆ ಅದು ಮೂರು ಪಟ್ಟಿಗೂ ಮೀರಿತ್ತು. ಆದರೆ ಪಿನೆಲೋಪಿ ಗೋಲ್ಡ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞೆ 1996ರಲ್ಲಿ, ಜನ ಕೊನೆಗೆ ನಿಜವಾಗಿ ಕೊಟ್ಟ ಬೆಲೆಗಳ ಸಮೀಕ್ಷೆ ಹಿಡಿದು ನೋಡಿದಾಗ ಅಂಥ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೇಳುವ ಬೆಲೆ ಬೇರೆ, ಕೊಡುವ ಬೆಲೆ ಬೇರೆ ಎಂಬುದನ್ನು ಈ ಎರಡನ್ನೂ ಒಟ್ಟಿಗಿಟ್ಟು ಓದಬೇಕು.

ನಮಗೆ ಹೆಚ್ಚು ಉಪಯುಕ್ತ ಎನಿಸಿದ್ದು ಕಾರು ರಿಪೇರಿ ಬೆಲೆಯ ಬಗ್ಗೆ 2017ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ. ಗ್ಯಾರೇಜ್‌ಗಳಿಗೆ ಫೋನ್ ಮಾಡಿ ಒಂದೇ ರಿಪೇರಿಯ ಬೆಲೆ ಕೇಳಿಸಲಾಯಿತು. ‘ಎಷ್ಟಾಗಬಹುದೋ ಗೊತ್ತಿಲ್ಲ’ ಎಂದಾಗ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಬೆಲೆ ಹೇಳಿದರು. ಮಾರುಕಟ್ಟೆಯ ಬೆಲೆ ತಿಳಿದವರಂತೆ ಒಂದು ಅಂಕಿ ಹೇಳಿ ಕೇಳಿದಾಗ ಆ ಅಂತರ ಕಾಣೆಯಾಯಿತು. ನಮ್ಮಲ್ಲಿ ಶೋರೂಂ ಬೆಲೆ ಪಟ್ಟಿಯಲ್ಲಿ ಛಾಪಿಸಿರುವುದರಿಂದ ಅದರಲ್ಲಿ ಆಟ ಆಡುವುದು ಕಷ್ಟ. ಆಟ ನಡೆಯುವುದು ವಿಮೆ, ಕಿಟ್, ಹ್ಯಾಂಡ್ಲಿಂಗ್, ಸಾಲ, ಹಳೆ ಗಾಡಿಯ ವಿನಿಮಯ ಬೆಲೆಯಂಥ ಸಾಲುಗಳಲ್ಲಿ. ‘ನನ್ನ ಲೆಕ್ಕದಲ್ಲಿ ಆರ್‌ಟಿಒ ಒಂದು ಲಕ್ಷದ ನಾಲ್ಕು ಸಾವಿರ ಚಿಲ್ಲರೆ ಬರುತ್ತೆ’ ಎಂಬ ಒಂದು ವಾಕ್ಯ ಅಲ್ಲಿ ಮಾಡುವ ಕೆಲಸವನ್ನು, ಜೊತೆಗೆ ಕರೆದುಕೊಂಡು ಹೋದ ಭಾವನವರೂ ಮಾಡಲಾರರು.

ಭಾವನವರ ವಿಷಯ ಬಂತಲ್ಲ. ಮನೆಯ ಗಂಡಸರನ್ನು ಕರೆದುಕೊಂಡು ಹೋಗಬಾರದು ಎಂದು ನಾವು ಹೇಳುವುದಿಲ್ಲ. ಆದರೆ ಸೇಲ್ಸ್‌ಮನ್ ಮಾತೆಲ್ಲ ಅವರ ಕಡೆ ತಿರುಗಿ, ನಿಮಗೆ ‘ಕಲರ್ ಯಾವುದು ಮೇಡಂ?’ ಮಾತ್ರ ಉಳಿದರೆ, ‘ಕಾರು ನನ್ನದು, ನನಗೆ ಹೇಳಿ’ ಎನ್ನಿ. ಅದಕ್ಕೆ ಮುಜುಗರ ಬೇಡ.

ವೇಷ ನೋಡಿ ಅಳೆಯುವುದು ಹೆಂಗಸರಿಗೆ ಮಾತ್ರ ಆಗುವುದಲ್ಲ. 2022ರ ಜನವರಿಯಲ್ಲಿ ತುಮಕೂರಿನ ಶೋರೂಂ ಒಂದರಲ್ಲಿ ಪಿಕಪ್ ವಾಹನ ಕೇಳಲು ಹೋದ ರೈತರೊಬ್ಬರಿಗೆ, ನಿಮ್ಮ ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದು ಎಂದು ಸಿಬ್ಬಂದಿ ಹೀಯಾಳಿಸಿದ್ದು, ಅವರು ಒಂದು ಗಂಟೆಯೊಳಗೆ 10 ಲಕ್ಷ ನಗದು ತಂದು ಎದುರಿಗಿಟ್ಟದ್ದು ನಿಮ್ಮ ಫೋನಿಗೂ ಬಂದಿರುತ್ತದೆ. ಆ ಸುದ್ದಿ ದೇಶವೆಲ್ಲ ಹರಡಿ ಕೊನೆಗೆ ಕಂಪನಿ ಅವರಲ್ಲಿ ಕ್ಷಮೆ ಕೇಳಿತು. ಆದರೆ ಆ ಫಾರ್ವರ್ಡ್‌ನಲ್ಲಿ ಇಲ್ಲದ ಒಂದು ಮಾತು: 2017ರಿಂದ ಆದಾಯ ತೆರಿಗೆ ನಿಯಮದಂತೆ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಯಾರೂ ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಚೀಟಿ ಹಣ, ರೇಷ್ಮೆಗೂಡಿನ ಹಣ, ಕಬ್ಬಿನ ಹಣ ಯಾವುದೇ ಇರಲಿ, ಮೊದಲು ನಿಮ್ಮ ಬ್ಯಾಂಕ್ ಖಾತೆಗೆ ಹಾಕಿ ಅಲ್ಲಿಂದ ಶೋರೂಂ ಕಂಪನಿಯ ಖಾತೆಗೆ ಕಳಿಸಿ. ಬುಕಿಂಗ್ ಮುಂಗಡವನ್ನು ಕೂಡ ಸೇಲ್ಸ್‌ಮನ್‌ನ ಸ್ವಂತ ಫೋನ್‌ಪೇ ನಂಬರಿಗೆ ಹಾಕಬೇಡಿ. ಆತ ಎಷ್ಟೇ ಒಳ್ಳೆಯವನಾಗಿರಲಿ.

‘ಬರೀ ಆರು ಪರ್ಸೆಂಟ್’ ಸಾಲ

ಶೋರೂಂನೊಳಗಿನ ಫೈನಾನ್ಸ್ ಟೇಬಲ್ಲಿನಲ್ಲಿ ಶಿಕ್ಷಕಿಗೆ ‘ಬ್ಯಾಂಕಿನಲ್ಲಿ ಒಂಬತ್ತು, ನಮ್ಮಲ್ಲಿ ಫ್ಲಾಟ್ ಆರು’ ಎಂದಿದ್ದಾರೆ. ಕೇಳಲು ಆರು ಚಿಕ್ಕದು. 6 ಲಕ್ಷಕ್ಕೆ ಫ್ಲಾಟ್ ಶೇ. 6 ಎಂದರೆ ಐದು ವರ್ಷವೂ ಪೂರ್ತಿ 6 ಲಕ್ಷದ ಮೇಲೆ ಬಡ್ಡಿ, ನೀವು ಅಸಲು ತೀರಿಸುತ್ತಾ ಬಂದದ್ದು ಲೆಕ್ಕಕ್ಕಿಲ್ಲ. ಬಡ್ಡಿ 1.8 ಲಕ್ಷ, ತಿಂಗಳ ಕಂತು 13,000. ಅಸಲು ಇಳಿದಂತೆ ಬಡ್ಡಿಯೂ ಇಳಿಯುವ ಬ್ಯಾಂಕ್ ಲೆಕ್ಕದ ಶೇ. 9ರಲ್ಲಿ ಕಂತು 12,455. ತಿಂಗಳಿಗೆ 545, ಐದು ವರ್ಷಕ್ಕೆ 32,700 ರೂಪಾಯಿ ವ್ಯತ್ಯಾಸ. ಆ ‘ಆರು’ ಬ್ಯಾಂಕ್ ಭಾಷೆಯಲ್ಲಿ ಸುಮಾರು 10.85.

ಇದನ್ನು ಹಿಡಿಯಲು ಗಣಿತ ಬೇಡ, ಒಂದು ಕಾಗದ ಕೇಳಿದರೆ ಸಾಕು. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕಡ್ಡಾಯ ಮಾಡಿದೆ. ಸಂಸ್ಕರಣಾ ಶುಲ್ಕ ಮುಂತಾದ ಎಲ್ಲ ಖರ್ಚು ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಎರಡು ಕಡೆಯ ಕಾಗದ ಪಕ್ಕದಲ್ಲಿಟ್ಟು ಆ ಒಂದೇ ಅಂಕಿ ಹೋಲಿಸಿ.

ಸೀಟಿನಲ್ಲಿ ಕುಳಿತು ನೋಡಬೇಕಾದದ್ದು

‘ಅಪಘಾತದಲ್ಲಿ ಹೆಂಗಸರಿಗೆ ಗಾಯವಾಗುವ ಸಾಧ್ಯತೆ ಶೇ. 73 ಹೆಚ್ಚು’ ಎಂಬುದೂ ಒಂದು ಫಾರ್ವರ್ಡ್. ಇದು ಕಟ್ಟುಕತೆಯಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿ. ಬೆಲ್ಟ್ ಹಾಕಿದವರಲ್ಲಿ, ಮುಂಭಾಗದ ಡಿಕ್ಕಿಯಲ್ಲಿ, ಗಂಭೀರ ಗಾಯದ ಬಗ್ಗೆ ಹೇಳಿದ್ದು. ಫಾರ್ವರ್ಡ್ ಈ ಷರತ್ತುಗಳನ್ನು ಬಿಟ್ಟಿದೆ. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2022ರಲ್ಲಿ ಸಾವಿನ ಅಪಾಯವನ್ನು ಲೆಕ್ಕ ಹಾಕಿದಾಗ, 2010ರ ನಂತರದ ಕಾರುಗಳಲ್ಲಿ ಹೆಂಗಸರಿಗೆ ಅದು ಶೇ. 6.3 ಹೆಚ್ಚು, 2015ರ ನಂತರದವುಗಳಲ್ಲಿ ಶೇ. 2.9 ಹೆಚ್ಚು ಎಂದು ಕಂಡಿತು. ಅಂದರೆ ಹೊಸ ಸುರಕ್ಷತಾ ವ್ಯವಸ್ಥೆಗಳಿರುವ ಕಾರಿನಲ್ಲಿ ಅಂತರ ಕಿರಿದಾಗಿದೆ.

ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಕಾರುಗಳಿಗೆ ನಕ್ಷತ್ರ ಕೊಡುತ್ತಿದೆ. ಅದರ ಮುಂಭಾಗದ ಡಿಕ್ಕಿ ಪರೀಕ್ಷೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆಯುತ್ತದೆ, ಮುಂದಿನ ಎರಡೂ ಸೀಟಿನಲ್ಲಿ ಕೂರಿಸುವುದು ಸರಾಸರಿ ಗಂಡಸಿನ ಅಳತೆಯ ಬೊಂಬೆಯನ್ನು. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂ.ಮೀ. ಅಮೆರಿಕದಲ್ಲಿ ‘ತೀರಾ ಚಿಕ್ಕ ಮೈಕಟ್ಟಿನ ಹೆಂಗಸು’ ಎಂದು ಬಳಸುವ ಪರೀಕ್ಷಾ ಬೊಂಬೆಯ ಎತ್ತರ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಅಪರೂಪದ ಅಳತೆ, ಇಲ್ಲಿ ನಮ್ಮ ಮನೆಯ ಅಳತೆ. ನಕ್ಷತ್ರ ನೋಡಿ, ಆದರೆ ಅಲ್ಲಿಗೇ ಬಿಡಬೇಡಿ.

ಹಾಗಾದರೆ ಏನು ನೋಡಬೇಕು? ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಬೆನ್ನು ಸೀಟಿಗೆ ಅಂಟಿರಬೇಕು, ಎದೆಗೂ ಸ್ಟೀರಿಂಗ್ ಮಧ್ಯಕ್ಕೂ ಕನಿಷ್ಠ 25 ಸೆಂ.ಮೀ. ಇರಬೇಕು. ಏರ್‌ಬ್ಯಾಗ್ ಸ್ಫೋಟಿಸಿ ಹಿಗ್ಗಲು ಆ ಜಾಗ ಬೇಕು. ಕುಳ್ಳಗಿರುವವರು ಪೆಡಲ್ ಎಟುಕಲೆಂದು ಮುಂದೆ ಸರಿದು ಈ ಜಾಗ ಕಳೆದುಕೊಳ್ಳುತ್ತಾರೆ. ದಿಂಬು ಇಟ್ಟು ಕೂರುವುದು ಪರಿಹಾರವಲ್ಲ, ಡಿಕ್ಕಿಯಲ್ಲಿ ಅದು ಜಾರಿ ಬೆಲ್ಟ್ ಹೊಟ್ಟೆಗೆ ಏರಬಹುದು. ಸೀಟಿನ ಎತ್ತರ, ಸ್ಟೀರಿಂಗ್, ಬೆಲ್ಟಿನ ಕೊಕ್ಕೆ ಈ ಮೂರೂ ಏರಿಳಿಯುವಂತಿರುವ ವೇರಿಯಂಟ್ ಕೇಳಿ. ಸಾಮಾನ್ಯವಾಗಿ ಅತಿ ಅಗ್ಗದ ವೇರಿಯಂಟ್‌ನಲ್ಲಿ ಕತ್ತರಿ ಬೀಳುವುದು ಇವಕ್ಕೇ. ನಮ್ಮನ್ನು ಕೇಳಿದರೆ 18,000ದ ಕಿಟ್ ಬಿಟ್ಟು ಆ ಹಣ ಇಲ್ಲಿ ಹಾಕುವುದು ವಾಸಿ. ಬೆಲ್ಟ್ ಭುಜದ ಮಧ್ಯದಲ್ಲಿ ಹಾಯಬೇಕು, ಕುತ್ತಿಗೆಯ ಮೇಲಲ್ಲ. ಗರ್ಭಿಣಿಯರು ಸೊಂಟದ ಪಟ್ಟಿಯನ್ನು ಹೊಟ್ಟೆಯ ಕೆಳಗೆ, ತೊಡೆಯ ಮೂಳೆಗೆ ತಾಗುವಂತೆ ಹಾಕಿಕೊಳ್ಳಬೇಕು. ಬೆಲ್ಟ್ ಬಿಡುವುದು ಮಗುವಿಗೆ ಸುರಕ್ಷಿತ ಎಂಬುದು ಸುಳ್ಳು.

ಟೆಸ್ಟ್ ಡ್ರೈವ್‌ಗೆ ನೀವು ದಿನಾ ಉಡುವ ಬಟ್ಟೆಯಲ್ಲೇ ಹೋಗಿ. ಸೀರೆಯ ನೆರಿಗೆ ಕ್ಲಚ್ಚಿಗೆ ಸಿಕ್ಕುತ್ತದೆಯೇ ಎಂಬುದು ಚೂಡಿದಾರದಲ್ಲಿ ತಿಳಿಯದು. ಶೋರೂಂನವರು ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಮುಗಿಸುತ್ತಾರೆ. ನಿಮ್ಮ ನಿಜವಾದ ರಸ್ತೆ ಎಂದರೆ ನಾಲೆ ಏರಿಯ ಕಿರುದಾರಿ, ಎದುರು ಬರುವ ಕಬ್ಬಿನ ಟ್ರ್ಯಾಕ್ಟರ್, ಹುಣ್ಣಿಮೆ ದಿನದ ನಂಜನಗೂಡು ದೇವಸ್ಥಾನದ ಬೀದಿ. ಗುರುತಿಲ್ಲದ ಹಂಪಿನ ಮೇಲೆ ತಳ ತಾಗುತ್ತದೆಯೇ, ಏರಿನಲ್ಲಿ ನಿಲ್ಲಿಸಿ ಹೊರಟರೆ ಹಿಂದಕ್ಕೆ ಜಾರುತ್ತದೆಯೇ, ಹಿಂದಿನ ಗಾಜು ನಿಮ್ಮ ಎತ್ತರಕ್ಕೆ ಕಾಣುತ್ತದೆಯೇ ಎಂದು ನೋಡಲು ಸಮಯ ಕೇಳಿ. ‘ಲೇಡೀಸ್‌ಗೆ ಆಟೊಮ್ಯಾಟಿಕ್ಕೇ ಸರಿ’ ಎಂಬ ಮಾತಿಗೆ ಎರಡನ್ನೂ ಓಡಿಸಿ ನೋಡಿ ಉತ್ತರ ಕೊಡಿ.

ಹೆಸರು ನಿಮ್ಮದಾದರೆ ಹೊಣೆಯೂ ನಿಮ್ಮದು

ಈ ಭಾಗದಲ್ಲಿ ಅನೇಕ ಹೆಂಗಸರು ಆರ್‌ಸಿಯಲ್ಲಿ ಮಾತ್ರ ಮಾಲೀಕರು. ಸಾಲಕ್ಕೆ, ಜ್ಯೋತಿಷಿಯ ಮಾತಿಗೆ ಅಥವಾ ಗಂಡನ ಹೆಸರಲ್ಲಿ ಬಾಕಿ ಇದೆಯೆಂಬ ಕಾರಣಕ್ಕೆ ಹೆಸರು ಹಾಕಿಸಿರುತ್ತಾರೆ. ಇ-ಚಲನ್ ಬರುವುದು ಮಾಲೀಕರಿಗೆ. ಲೈಸೆನ್ಸ್ ಇಲ್ಲದವರಿಗೆ ಕಾರು ಕೊಟ್ಟರೆ ಮಾಲೀಕರಿಗೇ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಹದಿನೆಂಟು ತುಂಬದ ಹುಡುಗ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರು ಅಥವಾ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ನೋಂದಣಿ ರದ್ದು. ಕಂತು ನಿಂತರೆ ಬ್ಯಾಂಕ್ ಹುಡುಕುವುದೂ ಸಹಿ ಹಾಕಿದವರನ್ನೇ. ಹೆಸರು ಹಾಕಿಸಿದ ಮೇಲೆ ಎರಡೂ ಕೀಲಿ, ಆರ್‌ಸಿ, ವಿಮೆ ನಿಮ್ಮ ಬೀರುವಿನಲ್ಲಿರಲಿ, ನೋಂದಣಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇರಲಿ. ಆರ್‌ಸಿಗೆ ನಾಮಿನಿ ಸೇರಿಸುವ ಅವಕಾಶ 2021ರಿಂದ ಇದೆ, ಅದನ್ನೂ ಮಾಡಿಸಿ.

ಕಾರು ಕೈಗೆ ಬರುವ ದಿನ

ಪೂರ್ತಿ ಹಣ ಕಟ್ಟುವ ಮುನ್ನ, ನೋಂದಣಿಗೂ ಮುನ್ನ, ನಿಮಗೆ ಕೊಡುವ ಕಾರನ್ನೇ ಹಗಲಿನಲ್ಲಿ ನೋಡಿ. ನೋಂದಣಿ ಆದ ಮೇಲೆ ಬೇರೆ ಕಾರು ಕೊಡಿ ಎನ್ನುವುದು ಬಹಳ ಕಷ್ಟ. ಚಾಸಿ ಸಂಖ್ಯೆ ಬಿಲ್ಲಿನದಕ್ಕೆ ಹೊಂದಬೇಕು. ತಯಾರಾದ ತಿಂಗಳು, ವರ್ಷ ಫಾರಂ 21ರ ಮಾರಾಟ ಪತ್ರದಲ್ಲಿ ಇರುತ್ತದೆ. ಟೈರಿನ ಪಕ್ಕದ ನಾಲ್ಕು ಅಂಕಿಯೂ ಸುಳಿವು ಕೊಡುತ್ತದೆ, 3525 ಎಂದರೆ 2025ರ 35ನೇ ವಾರ. ಹಳೆಯ ಸ್ಟಾಕ್ ಆದರೆ ಬೇಡ ಎನ್ನಿ ಅಥವಾ ಬೆಲೆ ಇಳಿಸಿ. ‘ಇವತ್ತು ಒಳ್ಳೆ ದಿನ, ಗಾಡಿ ತಗೊಂಡು ಹೋಗಿ, ನಂಬರ್ ಆಮೇಲೆ’ ಎಂದರೆ ಒಪ್ಪಬೇಡಿ. ತಾತ್ಕಾಲಿಕವೋ ಶಾಶ್ವತವೋ, ನೋಂದಣಿ ಆಗದ ವಾಹನವನ್ನು ಡೀಲರ್ ಗ್ರಾಹಕರ ಕೈಗೆ ಕೊಡುವಂತಿಲ್ಲ. ಇದು ಕೇಂದ್ರ ಮೋಟಾರು ವಾಹನ ನಿಯಮಗಳ 42ನೇ ನಿಯಮ. ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಪೂಜೆ ನಾಳೆ ಮಾಡಿಸಿದರೂ ಆಗುತ್ತದೆ. ಮಾಡಿಸಿದ ಮೇಲೆ ಹೊರಡುವಾಗ ಗಾಜಿನ ಮುಂದಿನ ಹಾರ ತೆಗೆದಿಡಿ, ರಸ್ತೆ ಕಾಣಬೇಕು.

ಏನಾದರೂ ಎಡವಟ್ಟಾದರೆ ಮೊದಲು ಶೋರೂಂಗೆ ಲಿಖಿತವಾಗಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಅದರಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಕಡ್ಡಾಯವಲ್ಲ.

ನಮ್ಮ ಓದುಗರು ಎರಡನೇ ಸಲ ಒಬ್ಬರೇ ಹೋದರಂತೆ, ಕೈಯಲ್ಲಿ ಈ ಲೆಕ್ಕದ ಚೀಟಿ. ಹ್ಯಾಂಡ್ಲಿಂಗ್ ಮತ್ತು ಕಿಟ್‌ನ ಸಾಲುಗಳನ್ನು ಅವರ ಎದುರಿಗೇ ಹೊಡೆದು ಹಾಕಿದರು. ವಿಮೆ ಹೊರಗೆ, ಸಾಲ ಅವರ ಸಂಬಳದ ಬ್ಯಾಂಕಿನಲ್ಲಿ. ಆರ್‌ಟಿಒ ಸಾಲಿನ 7,500ದ ಬಗ್ಗೆ ‘ರಸೀದಿ ಬಂದ ಮೇಲೆ ನೋಡೋಣ ಮೇಡಂ’ ಎಂದಿದ್ದಾರೆ. ರಸೀದಿ ಇನ್ನೂ ಬಂದಿಲ್ಲ, ಇವರೂ ಕೊನೆಯ ಕಂತನ್ನು ಇನ್ನೂ ಕಳಿಸಿಲ್ಲ.